ಮೆಲೊಡ್ರಾಮಾ ಮತ್ತು ಮಲೆನಾಡಿನ ನ್ಯಾಯಪ್ರಜ್ಞೆ

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತ ವಿಮರ್ಶೆಯಲ್ಲಿ ‘ಮೆಲೊಡ್ರಾಮಾ’ ಎಂಬುದು ಬಹುಮಟ್ಟಿಗೆ ನಿಂದೆಯ ಮಾತಾಗಿಯೇ ಬಳಕೆಯಾಗಿದೆ. ಭಾವಾತಿರೇಕ, ಕಣ್ಣು ಕೋರೈಸುವ ದೃಶ್ಯವೈಭವ, ಕೊನೆಯ ಅಂಕದಲ್ಲಿ ಥಟ್ಟನೆ ಬಯಲಾಗುವ ಸತ್ಯ ಇವೆಲ್ಲ ವಿಕ್ಟೋರಿಯಾ ಯುಗದ ಇಂಗ್ಲಿಷ್ ರಂಗಭೂಮಿಯಿಂದ ಬಂದ ಅಗ್ಗದ ಸರಕೆಂಬ ತೀರ್ಮಾನ ಅದರ ಹಿಂದಿದೆ. ಆದರೆ ಆ ಸರಕು ಇಲ್ಲಿನ ಪ್ರೇಕ್ಷಕರಿಗೆ ಅಷ್ಟು ಸುಲಭವಾಗಿ ಒಗ್ಗಿದ್ದೇಕೆ? ಶರಾವತಿ ಕಣಿವೆಯ ಜನಪದ ನಂಬಿಕೆಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಉಚಿತ.

ಲಂಡನ್ನಿನಲ್ಲಿ 1882ರಲ್ಲಿ ರಂಗವೇರಿದ ‘ಸಿಲ್ವರ್ ಕಿಂಗ್’ ಈ ಪ್ರಕಾರದ ಮಾದರಿ ಕೃತಿ. ತಾನೇ ಕೊಲೆಗಾರನೆಂದು ನಂಬಿ ದೇಶಾಂತರ ಹೋದ ನಾಯಕ ಬೆಳ್ಳಿಯ ಗಣಿಯಿಂದ ಸಿರಿವಂತನಾಗಿ ಮರಳಿ ನಿಜವಾದ ಅಪರಾಧಿಯನ್ನು ಪತ್ತೆಹಚ್ಚುತ್ತಾನೆ. ಆಗಾ ಹಶ್ರ್ ಕಾಶ್ಮೀರಿ ಇದನ್ನು ಪಾರ್ಸಿ ರಂಗಭೂಮಿಗಾಗಿ ಉರ್ದುವಿಗೆ ಅಳವಡಿಸಿದರು. ಮುಂಬಯಿಯ ಪಾರ್ಸಿ ಕಂಪನಿಗಳಲ್ಲೊಂದು 1868ರಲ್ಲಿ ‘ವಿಕ್ಟೋರಿಯಾ’ ಎಂಬ ಹೆಸರನ್ನೇ ಧರಿಸಿ ಹುಟ್ಟಿತ್ತು. ಇಂಥ ಕಂಪನಿಗಳ ಪರದೆ, ದೀಪ, ಹಾಡು, ಟಿಕೆಟ್ಟಿನ ಪದ್ಧತಿಗಳು 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯೂ ಸೇರಿದಂತೆ ಕನ್ನಡದ ಸಂಚಾರಿ ತಂಡಗಳಿಗೆ ಮೇಲ್ಪಂಕ್ತಿಯಾದವು.

ಆದರೆ ಹೀಗೆ ಬಂದದ್ದು ಮುಖ್ಯವಾಗಿ ರಂಗಸಲಕರಣೆ. ಅದು ಹೇಳುವ ನೀತಿ ಇಲ್ಲಿ ಮೊದಲೇ ಇತ್ತು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯೂ ಯಕ್ಷಗಾನ ಪ್ರಸಂಗಗಳಲ್ಲಿಯೂ ಬರುವ ಚಂದ್ರಹಾಸನ ಕಥೆಯನ್ನೇ ಗಮನಿಸಬಹುದು. ಅನಾಥ ಬಾಲಕ, ಅಧಿಕಾರಸ್ಥ ಖಳ, ಒಂದಕ್ಷರ ಬದಲಾಗುತ್ತಲೇ ವಿಷದ ಆಜ್ಞೆ ವಿವಾಹದ ಆಜ್ಞೆಯಾಗುವ ಪತ್ರ, ಒಡ್ಡಿದವನ ಮಗನನ್ನೇ ಬಲಿ ತೆಗೆದುಕೊಳ್ಳುವ ಸಂಚು, ಕೊನೆಗೆ ಸತ್ತವರನ್ನು ಬದುಕಿಸುವ ದೇವಿ: ಮೆಲೊಡ್ರಾಮಾದ ಬಹುತೇಕ ಲಕ್ಷಣಗಳು ಇಲ್ಲಿವೆ. ಆದ್ದರಿಂದಲೇ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಡಗುತಿಟ್ಟಿನ ಡೇರೆ ಮೇಳಗಳು ಟಿಕೆಟ್ಟು, ವಿದ್ಯುದ್ದೀಪಗಳ ಜೊತೆಗೆ ‘ನಾಗಶ್ರೀ’ಯಂಥ ಕಾಲ್ಪನಿಕ ಪ್ರಸಂಗಗಳನ್ನು ಕೈಗೆತ್ತಿಕೊಂಡಾಗ ಪ್ರೇಕ್ಷಕರಿಗೆ ಅವು ತೀರ ಪರಕೀಯವೆನಿಸಲಿಲ್ಲ.

ಈ ಒಗ್ಗುವಿಕೆಯ ಬೇರು ಕೇವಲ ಕಥನಪರಂಪರೆಯಲ್ಲಿಲ್ಲ, ಬದುಕಿನ ನಂಬಿಕೆಯಲ್ಲಿಯೂ ಇದೆ. ಸಾಗರ ತಾಲ್ಲೂಕಿನ ಸಿಗಂದೂರಿನ ಚೌಡೇಶ್ವರಿ ಕಳ್ಳಕಾಕರಿಂದ ಸ್ವತ್ತನ್ನು ಕಾಯುವ ದೇವಿಯೆಂದು ಪ್ರಸಿದ್ಧಳು. ಈ ಸೀಮೆಯ ತೋಟ, ಮನೆಗಳ ಮುಂದೆ ‘ಈ ಸ್ವತ್ತಿಗೆ ಸಿಗಂದೂರು ದೇವಿಯ ಕಾವಲಿದೆ’ ಎಂಬರ್ಥದ ಫಲಕಗಳು ಕಾಣಸಿಗುತ್ತವೆ. ಮರೆಯಲ್ಲಿ ನಡೆದ ತಪ್ಪು ಮರೆಯಲ್ಲಿ ಉಳಿಯದೆಂಬುದು ಆ ಫಲಕದ ತಾತ್ಪರ್ಯ. ಇಂಥ ಲೋಕದೃಷ್ಟಿಯುಳ್ಳವರಿಗೆ ಕೊನೆಯ ಅಂಕದಲ್ಲಿ ಖಳನು ಸಿಕ್ಕಿಬೀಳುವುದು ನಾಟಕಕಾರನ ಕೈಚಳಕವಲ್ಲ; ನಡೆಯಲೇಬೇಕಾದ ನ್ಯಾಯ. ವಿಮರ್ಶಕರಿಗೆ ಅಸಂಭವವೆನಿಸಿದ್ದು ಅವರಿಗೆ ಅನಿವಾರ್ಯವೆನಿಸುತ್ತದೆ.

ಹಾಗೆಂದು ಈ ಪ್ರಕಾರದ ಮಿತಿಯನ್ನು ಮರೆಯಲಾಗದು. ಅದಕ್ಕೆ ಹೆಸರು, ಮುಖಗಳುಳ್ಳ ಖಳನೊಬ್ಬ ಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಇದೇ ಸೀಮೆಯ ಹಳ್ಳಿಗಳನ್ನು ಮುಳುಗಿಸಿತು. ನಿರಾಶ್ರಿತರು ದಶಕಗಳ ಬಳಿಕವೂ ಭೂಮಿಯ ಹಕ್ಕಿಗಾಗಿ ಅಲೆಯಬೇಕಾಯಿತು. ಸಿಗಂದೂರಿಗೆ ಹೋಗುವವರು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ನಾಡಿಗೆ ಬೆಳಕು ಕೊಟ್ಟ ಯೋಜನೆಯಲ್ಲಿ ಖಳನೆಂದು ಯಾರನ್ನು ತೋರಿಸುವುದು? ಇಲ್ಲಿ ಬಯಲಾಗಬೇಕಾದ ಗುಟ್ಟಿಲ್ಲ, ಅನ್ಯಾಯ ಹಗಲಿನಲ್ಲೇ ನಡೆದಿದೆ. ‘ಸಿಲ್ವರ್ ಕಿಂಗ್’ನ ರಚನೆಯಾಗಲಿ ಚಂದ್ರಹಾಸನ ಕಥೆಯಾಗಲಿ ಇಂಥ ಅನುಭವವನ್ನು ಹಿಡಿದಿಡಲಾರವು.

ಹೀಗೆ ಮೆಲೊಡ್ರಾಮಾವನ್ನು ವಸಾಹತುಶಾಹಿಯ ಬರಿಯ ಅನುಕರಣೆಯೆಂದು ಹಳಿಯುವುದೂ, ದೇಸಿಯೆಂದು ಪೂರ್ತಿಯಾಗಿ ಒಪ್ಪುವುದೂ ಸಮಂಜಸವಲ್ಲ. ನ್ಯಾಯ ದೊರೆತೇ ತೀರುತ್ತದೆಂಬ ಜನಪದ ಭರವಸೆಗೆ ಅದು ಪರದೆ ಮತ್ತು ದೀಪಗಳನ್ನು ಒದಗಿಸಿತು. ಮುಳುಗಿದ ಊರುಗಳ ಕಥೆಗೆ ತಕ್ಕ ರಂಗರೂಪವನ್ನು ಮಾತ್ರ ಈ ಸೀಮೆ ಬೇರೆಡೆಯೇ ಹುಡುಕಿಕೊಳ್ಳಬೇಕಾಗಿದೆ.