ಹೊರಗುರುತೂ ಹೆಸರೂ: ಯಂತ್ರವಾಚನದ ವಿಮರ್ಶೆ

ಮಸ್ಕಿಯ ಅಶೋಕಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಿತು. ಅದಕ್ಕೆ ಮೊದಲು ತಿಳಿದಿದ್ದ ಧರ್ಮಶಾಸನಗಳಲ್ಲಿ ಅರಸನ ಬಿರುದುಗಳು ಮಾತ್ರವೇ ಇದ್ದುವು. ಅವುಗಳನ್ನು ಓದಿದ ಜೇಮ್ಸ್ ಪ್ರಿನ್ಸೆಪನು ಮೊದಲು ಅವು ಸಿಂಹಳದ ಅರಸನೊಬ್ಬನವೆಂದೇ ಭಾವಿಸಿದ್ದನು. ಪಾಳಿ ಗ್ರಂಥಗಳ ನೆರವಿನಿಂದ ಆ ಊಹೆಯು ತಿದ್ದಲ್ಪಟ್ಟಿತು. ಮಸ್ಕಿಯ ಬಂಡೆಯಾದರೋ ಅಶೋಕನ ಹೆಸರನ್ನೇ ಹೇಳಿ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡಿತು. ಹೊರಗುರುತಿನಿಂದ ಊಹಿಸುವುದಕ್ಕೂ ಹೆಸರಿಟ್ಟು ಹೇಳಿದುದನ್ನು ಓದುವುದಕ್ಕೂ ಇರುವ ಈ ಅಂತರವು ಗಣಕಯಂತ್ರದ ಓದಿನಲ್ಲಿಯೂ ವಿಚಾರಾರ್ಹವಾದುದು.

ಯಂತ್ರವು ಮಾಹಿತಿಯನ್ನು ಪಡೆಯುವ ಮಾರ್ಗಗಳು ಮುಖ್ಯವಾಗಿ ಎರಡು. ಮನುಷ್ಯರ ಕಣ್ಣಿಗಾಗಿ ರಚಿತವಾದ ಪುಟದಿಂದ ಅಕ್ಷರಗಳನ್ನು ಕೆರೆದು ತೆಗೆಯುವುದು ಒಂದು. ಇದಕ್ಕೆ ಸ್ಕ್ರೀನ್ ಸ್ಕ್ರೇಪಿಂಗ್ ಎಂದು ಹೆಸರು. ಒಡೆಯನು ಯಂತ್ರಗಳಿಗಾಗಿಯೇ ತೆರೆದಿಟ್ಟ ನಿಯತವಾದ ದ್ವಾರದಲ್ಲಿ ಕೇಳಿ ಪಡೆಯುವುದು ಇನ್ನೊಂದು, ಇದು ಎಪಿಐ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಮಾರುಕಟ್ಟೆಯ ವರದಿಯಲ್ಲಿ ಧಾನ್ಯಕ್ಕೆ ಕನಿಷ್ಠ, ಗರಿಷ್ಠ, ಸಾಮಾನ್ಯ ಎಂದು ಮೂರು ಬೆಲೆಗಳಿರುವುವು. ಮೂರನೆಯ ಅಂಕಣವೇ ಸಾಮಾನ್ಯ ಬೆಲೆಯೆಂದು ಎಣಿಸಿಕೊಂಡ ಯಂತ್ರವು, ಪುಟದಲ್ಲಿ ಅಂಕಣಗಳ ಕ್ರಮವು ಬದಲಾದ ದಿನ, ಗರಿಷ್ಠವನ್ನೇ ಸಾಮಾನ್ಯವೆಂದು ಸಾರೀತು. ಅದು ನಿಂತುಹೋದರೆ ಯಾರಾದರೂ ಸರಿಪಡಿಸುವರು. ನಿಲ್ಲದೆ ತಪ್ಪು ನುಡಿದರೆ ರೈತನು ನಷ್ಟಪಡುವನು. ೨೦೧೨ರಲ್ಲಿ ಆರಂಭವಾದ ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣವು ಇಂತಹ ಬೆಲೆಗಳನ್ನು ಎಪಿಐ ಮೂಲಕವೂ ಕೊಡುತ್ತದೆ; ಅಲ್ಲಿ ಪ್ರತಿಯೊಂದು ಬೆಲೆಯೂ ತನ್ನ ಹೆಸರಿನೊಡನೆಯೇ ಬರುತ್ತದೆ.

ಹೆಸರು ಮಾತ್ರವೇ ಸಾಲದೆಂಬುದನ್ನು ಮಸ್ಕಿಯೇ ಮತ್ತೊಮ್ಮೆ ತೋರಿಸುತ್ತದೆ. ೨೦೧೧ರ ಜನಗಣತಿಯಲ್ಲಿ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿಯು ಆ ಬಳಿಕ ತಾನೇ ತಾಲ್ಲೂಕಾಯಿತು. ಲಿಂಗಸುಗೂರಿನ ಹೆಸರಾದರೋ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ರೀತಿಯಾಗಿ ಬರೆಯಲ್ಪಡುವುದಿಲ್ಲ. ಆದುದರಿಂದಲೇ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶದಲ್ಲಿ ಗ್ರಾಮ ತಾಲ್ಲೂಕುಗಳಿಗೆ ಪ್ರತ್ಯೇಕ ಸಂಕೇತಸಂಖ್ಯೆಗಳನ್ನು ಕೊಟ್ಟಿರುವುದು.

ಇಲ್ಲಿ ಒಂದು ಆಕ್ಷೇಪವುಂಟು: ಎಪಿಐಯೂ ಬದಲಾಗುವುದಿಲ್ಲವೆ? ಬದಲಾಗುವುದು ನಿಜ. ಆದರೆ ಪುಟದ ಅಲಂಕಾರವನ್ನು ಬದಲಿಸುವವನು ಯಾವ ಯಂತ್ರಕ್ಕೂ ಮಾತು ಕೊಟ್ಟವನಲ್ಲ. ಎಪಿಐಯನ್ನು ತೆರೆದವನು ಕೊಟ್ಟಿರುವನು. ಹಳೆಯ ಆವೃತ್ತಿಯನ್ನು ಕೆಲಕಾಲ ಉಳಿಸಿ, ಹೊಸದನ್ನು ಮುಂಚಿತವಾಗಿ ತಿಳಿಸುವುದು ಅವನ ಹೊಣೆ. ಅಂತಹ ದ್ವಾರವೇ ಇಲ್ಲದೆಡೆ ಕೆರೆದು ತೆಗೆಯುವುದು ಅನಿವಾರ್ಯವಾಗಬಹುದು. ಅಲ್ಲಿ ದೋಷವು ಓದುವ ಯಂತ್ರದ್ದಕ್ಕಿಂತ ಹೆಚ್ಚಾಗಿ, ಸಾರ್ವಜನಿಕರ ಮಾಹಿತಿಯನ್ನು ಕಣ್ಣಿಗೆ ಮಾತ್ರ ತೋರಿಸಿ ದ್ವಾರವನ್ನು ತೆರೆಯದವರದು.