ಗಡುವು ಯಾರ ಗಡಿಯಾರದ್ದು?

2002ರಲ್ಲಿ ಬಂದ ಮೂಡಲ್ ಎಂಬ ಕಲಿಕಾ ತಂತ್ರಾಂಶದಲ್ಲಿ ಅಸೈನ್‌ಮೆಂಟಿಗೆ ಎರಡು ಗಡುವು ಇಡಬಹುದು. ಮೊದಲನೆಯದು ದಾಟಿದರೆ ‘ತಡ’ ಎಂಬ ಗುರುತು ಬೀಳುತ್ತದೆ, ಉತ್ತರ ಒಳಗೆ ಹೋಗುತ್ತದೆ. ಎರಡನೆಯದು ದಾಟಿದರೆ ಬಾಗಿಲು ಬಂದ್. ಆಮೇಲೂ ಒಬ್ಬೊಬ್ಬರಿಗೆ ಬೇರೆ ವಾಯಿದೆ ಕೊಡೋ ಅಧಿಕಾರ ಮೇಷ್ಟ್ರ ಕೈಯಲ್ಲೇ ಇದೆ.

ತಳಕಿನ ಸುತ್ತ ಶೇಂಗಾ ಕೀಳೋ ದಿನ ಕೂಲಿಗೆ ಹೋದ ಹುಡುಗಿಗೂ, ಮನೆಗೆಲ್ಲ ಒಂದೇ ಫೋನಿರೋ ಹುಡುಗನಿಗೂ, ಪಟ್ಟಣದ ಕೋಣೆಯಲ್ಲಿ ಕೂತವನಿಗೂ ನಡುರಾತ್ರಿ ಒಂದೇ ಗಡುವು. ಇದನ್ನು ಸಮಾನತೆ ಅಂತಾರೆ. ನಾವು ಒಪ್ಪೋದಿಲ್ಲ. ಹಿಂದೆ ಜಾತಿ ಕೇಳಿ ಬಾಗಿಲಲ್ಲಿ ನಿಲ್ಲಿಸ್ತಿದ್ರು. ಈಗ ಏನೂ ಕೇಳದೆ ನಿಲ್ಲಿಸ್ತಾರೆ. ಯಂತ್ರಕ್ಕೆ ಕೂಲಿಯ ಲೆಕ್ಕ ಗೊತ್ತಿಲ್ಲ, ಮೇಷ್ಟ್ರಿಗೆ ಗೊತ್ತಿರಬೇಕು. ವಾಯಿದೆಯ ಗುಂಡಿ ಇದ್ದೂ ಒತ್ತದ ಬೆರಳನ್ನೇ ನಾವು ಪ್ರಶ್ನಿಸುತ್ತೇವೆ. ತಡವಾಗಿ ಬಂದ ಉತ್ತರವನ್ನು ಮೊದಲು ಓದಿ, ಸ್ವಾಮಿ. ಕೆಂಪು ಗೆರೆ ಆಮೇಲೆ.