ಧೂಳಿನ ಲೆಕ್ಕದಲ್ಲಿ ಬಿಟ್ಟುಹೋದ ಮ್ಯಾಂಗನೀಸ್

ಒಂದು ಸೀಮೆಯ ಗಾಳಿಗೆ ವರ್ಷಕ್ಕೆ ಎಷ್ಟು ವಿಷವಸ್ತು ಸೇರುತ್ತದೆಂಬುದನ್ನು ತೂಗಿ ನೋಡಲಾಗದು, ಅಂದಾಜು ಮಾಡಬೇಕು. ತೆಗೆದ ಅದಿರು, ಒಡೆದ ಜಲ್ಲಿ, ಲಾರಿ ಓಡಿದ ದೂರ ಇವನ್ನು ಉತ್ಸರ್ಜನಾ ಗುಣಾಂಕದಿಂದ (ಪ್ರತಿ ಟನ್ನಿಗೆ ಇಲ್ಲವೇ ಕಿಲೋಮೀಟರಿಗೆ ಏಳುವ ಧೂಳಿನ ಪ್ರಮಾಣ) ಗುಣಿಸಿ, ನೀರು ಚಿಮುಕಿಸಿದ್ದರಿಂದ ತಗ್ಗಿದ್ದನ್ನು ಕಳೆಯುವುದು ರೂಢಿ. ಚಿಮಣಿಯಿರುವ ಕಾರ್ಖಾನೆಗೆ ಈ ವಿಧಾನ ಚೆನ್ನಾಗಿ ಹೊಂದುತ್ತದೆ. ಚಿತ್ರದುರ್ಗ ಸೀಮೆಯಲ್ಲಾದರೋ ಧೂಳು ಹೆಚ್ಚಾಗಿ ಏಳುವುದು ಗಣಿ, ಜಲ್ಲಿ ಕ್ರಷರ್, ಮಣ್ಣುರಸ್ತೆಗಳಿಂದ.

ಟನ್ನುಗಳ ಲೆಕ್ಕಕ್ಕೆ ಇಲ್ಲಿ ಕೊರತೆಯಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, 2013ರಲ್ಲಿ ಮಿತಿ ಹಾಕಿ ಮತ್ತೆ ಬಿಟ್ಟಿತು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ಆಗ ವರ್ಷಕ್ಕೆ 50 ಲಕ್ಷ ಟನ್ ಇದ್ದ ಕಬ್ಬಿಣದ ಅದಿರಿನ ಮಿತಿ 2022ರಲ್ಲಿ 150 ಲಕ್ಷ ಟನ್ನಿಗೆ ಏರಿತು.

ಎಡವುವುದು ಗುಣಾಂಕದಲ್ಲಿ. 1968ರಲ್ಲಿ ಮೊದಲು ಹೊರಬಂದ ಅಮೆರಿಕದ ಎಪಿ-42 ಕೋಷ್ಟಕವೇ ಬಹುಪಾಲು ಅಂದಾಜುಗಳಿಗೆ ಆಧಾರ. ಮಣ್ಣುರಸ್ತೆಗೆ ಅದು ಕೇಳುವುದು ಎರಡೇ ಸಂಗತಿ: ಲಾರಿಯ ಸರಾಸರಿ ತೂಕ, ರಸ್ತೆಯ ಮೇಲಿನ ಮಣ್ಣಿನಲ್ಲಿ 75 ಮೈಕ್ರಾನಿಗಿಂತ ಸಣ್ಣ ಹುಡಿಯ ಪಾಲು. ಆ ಪಾಲು 12% ಎಂದಿಟ್ಟರೆ, ಸುಮಾರು 22 ಟನ್ನಿನ ಲಾರಿ ಒಂದು ಕಿಲೋಮೀಟರ್ ಓಡಿದಾಗ ಒಂದು ಕಿಲೋಗೂ ಹೆಚ್ಚು ಪಿಎಂ10 ಎಂಬ ಸೂಕ್ಷ್ಮ ಧೂಳು ಏಳುತ್ತದೆ. 6% ಎಂದಿಟ್ಟರೆ ಸುಮಾರು 580 ಗ್ರಾಂ. ಆ ರಸ್ತೆಯ ಮಣ್ಣನ್ನೇ ಗುಡಿಸಿ ಜರಡಿ ಹಿಡಿಯದೆ ಕೋಷ್ಟಕದ ಸರಾಸರಿಯನ್ನು ತುಂಬಿದರೆ ಉತ್ತರ ಅರ್ಧಕ್ಕೆ ಇಳಿಯಬಹುದು, ಇಲ್ಲವೇ ಎರಡು ಪಟ್ಟಾಗಬಹುದು. ಮಳೆದಿನಗಳ ತಿದ್ದುಪಡಿಯೂ ಹಾಗೆಯೇ: ಇದೇ ಸೀಮೆಯ ಒಣ ಹಿರಿಯೂರು ತಾಲ್ಲೂಕಿಗೂ ಅಡಿಕೆ ತೋಟಗಳ ಹೊಳಲ್ಕೆರೆ ತಾಲ್ಲೂಕಿಗೂ ಒಂದೇ ಸಂಖ್ಯೆ ಸಲ್ಲದು.

ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಹೊಸದುರ್ಗದ ಕಡೆಯ ಬೆಟ್ಟಸಾಲಿನಲ್ಲಿ ಕಬ್ಬಿಣದ ಜೊತೆಗೆ ಮ್ಯಾಂಗನೀಸೂ ಇದೆ. ಅದರ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ನರದೌರ್ಬಲ್ಯ, ಪಾರ್ಕಿನ್ಸನ್ ರೋಗವನ್ನು ಹೋಲುವ ನಡುಕ ಬರಬಹುದು. ಆದರೆ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಸೀಸ, ಆರ್ಸೆನಿಕ್, ನಿಕ್ಕಲ್ ಉಂಟು, ಮ್ಯಾಂಗನೀಸ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಮಾರ್ಗಸೂಚಿ ಅದಕ್ಕೆ ಘನಮೀಟರಿಗೆ 0.15 ಮೈಕ್ರೋಗ್ರಾಂ ವಾರ್ಷಿಕ ಮಿತಿ ಇಟ್ಟಿದೆ. ಅಮೆರಿಕದ ಅಪಾಯಕಾರಿ ಮಾಲಿನ್ಯಕಾರಕಗಳ ಪಟ್ಟಿಯಲ್ಲಿ 1990ರಿಂದಲೂ ಮ್ಯಾಂಗನೀಸ್ ಸಂಯುಕ್ತಗಳಿವೆ. ಇಲ್ಲಿ ಮಾನದಂಡವೇ ಇಲ್ಲದ್ದರಿಂದ ಅದನ್ನು ಅಳೆಯಬೇಕೆಂಬ ಒತ್ತಡ ಕಡಿಮೆ. ಧೂಳಿನಲ್ಲಿ ಮ್ಯಾಂಗನೀಸ್ 1% ಇದೆ ಎಂದುಕೊಂಡರೂ ಮೇಲಿನ ಲಾರಿ ಕಿಲೋಮೀಟರಿಗೆ ಸುಮಾರು 10 ಗ್ರಾಂ ಎಬ್ಬಿಸುತ್ತದೆ. ಬರೀ ಪಿಎಂ10 ಬರೆದಿಡುವ ಉತ್ಸರ್ಜನಾ ಪಟ್ಟಿಗೆ ಆ 10 ಗ್ರಾಂ ಕಾಣುವುದೇ ಇಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ. ಪಕ್ಕದ ದಾವಣಗೆರೆ ಸೇರಿದೆ, ಗಣಿಗಳಿರುವ ಚಿತ್ರದುರ್ಗ ಸೇರಿಲ್ಲ. ಕಾರ್ಯಕ್ರಮ ನಗರವನ್ನೇ ಘಟಕವಾಗಿ ಹಿಡಿದದ್ದರಿಂದ ಗಣಿ ಸುತ್ತಲಿನ ಹಳ್ಳಿಗಳು ಲೆಕ್ಕದಿಂದ ಹೊರಗುಳಿದವು.

ವಿಧಾನವನ್ನು ತಳ್ಳಿಹಾಕಬೇಕಿಲ್ಲ. ಅದಿರು ಸಾಗುವ ರಸ್ತೆಗಳ ಮಣ್ಣನ್ನು ತಾಲ್ಲೂಕುವಾರು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಜರಡಿ ಹಿಡಿದು ಮ್ಯಾಂಗನೀಸ್ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಈ ತಾಲ್ಲೂಕುಗಳಿಗೆ ಒಂದೇ ಅಂಕಿ ಕೊಡುವ ಪಟ್ಟಿಯನ್ನು ಒಪ್ಪಲಾಗದು. ಕನಿಷ್ಠ, ಗರಿಷ್ಠ ಎರಡನ್ನೂ ಅದು ತೋರಿಸಲಿ.